ಒಂದು ಅಂಕದ ಉತ್ತರದ ಹಿಂದೆ ಇದ್ದ ಗೆಳೆತನ

ಕನ್ನಡದ ಮೊದಲ ಪತ್ರಿಕೆ ಯಾವುದು? ಎಫ್‌ಡಿಎ, ಪಿಎಸ್‌ಐ, ಪಿಡಿಒ ಎಂದು ಯಾವ ಪರೀಕ್ಷೆಗೆ ಓದಿದವರಿಗಾದರೂ ಉತ್ತರ ಬಾಯಿಪಾಠ. ಮಂಗಳೂರು ಸಮಾಚಾರ, 1843ರ ಜುಲೈ 1, ಸಂಪಾದಕ ಹರ್ಮನ್ ಮೊಗ್ಲಿಂಗ್. ಧಾರವಾಡದ ರೂಮಿನಲ್ಲಿ ನಾನು ಮತ್ತು ನನ್ನ ಗೆಳೆಯ ಇದನ್ನು ಎಷ್ಟು ಸಲ ಒಬ್ಬರಿಗೊಬ್ಬರು ಕೇಳಿಕೊಂಡಿದ್ದೇವೋ ಲೆಕ್ಕವಿಲ್ಲ. ನಾನು ಮಸರಕಲ್‌ನವನು, ಅವನು ಮಾನ್ವಿ ಕಡೆಯವನು. ಎರಡು ವರ್ಷ ಒಂದೇ ರೂಮು, ಒಂದೇ ಒಲೆ. ಭಾನುವಾರ ಅವನು ಚರ್ಚಿಗೆ ಹೋಗಿ ಬರುವಷ್ಟರಲ್ಲಿ ನಾನು ಅನ್ನಕ್ಕಿಡುತ್ತಿದ್ದೆ. ಆದರೂ ಕಟ್‌ಆಫ್, ಕೀ ಉತ್ತರ, ಮುಂದಿನ ನೋಟಿಫಿಕೇಶನ್ ಬಿಟ್ಟು ಬೇರೆ ಮಾತು ನಮ್ಮ ನಡುವೆ ಬಂದದ್ದು ಕಡಿಮೆ.

ದೈಹಿಕ ಪರೀಕ್ಷೆಯಲ್ಲಿ ಅವನು ಹೊರಬಿದ್ದ. ಒಂದು ಬೆಳಿಗ್ಗೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದ. ಆರು ತಿಂಗಳಿಗೆ ಅವನ ಅಪ್ಪ ತೀರಿಕೊಂಡರು. ಮಣ್ಣಿನ ದಿನವೇ ನನಗೊಂದು ಪರೀಕ್ಷೆ ಇತ್ತು. ನಾನು ಹೋಗಲಿಲ್ಲ. ಮೊಬೈಲಿನಲ್ಲಿ ಎರಡು ಸಾಲು ಕಳಿಸಿದೆ. ಆಮೇಲೆ ಫೋನು ಮಾಡಿದಾಗಲೆಲ್ಲ ಆರಾಮಾ ಎಂದು ನಾನು ಕೇಳುವುದು, ಆರಾಮ್ ಎಂದು ಅವನು ಹೇಳುವುದು, ಅಷ್ಟೇ ಆಯಿತು.

ಕೋಚಿಂಗ್ ಮುಗಿಸಿ ಊರಿಗೆ ಮರಳಿದ ಮೇಲೆ, ಜುಲೈ 1ರ ಪತ್ರಿಕಾ ದಿನದಂದು ಗ್ರಂಥಾಲಯದಲ್ಲಿ ಮೊಗ್ಲಿಂಗ್ ಬಗ್ಗೆ ಒಂದು ಲೇಖನ ಕಣ್ಣಿಗೆ ಬಿತ್ತು. ಒಂದು ಅಂಕಕ್ಕಿಂತ ಹೆಚ್ಚೇನಿದೆ ಎಂದು ಹುಡುಕಿ ಓದುತ್ತಾ ಹೋದೆ. ಪತ್ರಿಕೆಗಿಂತ ಹೆಚ್ಚಾಗಿ ಅವರ ಗೆಳೆತನಗಳೇ ನನ್ನನ್ನು ಹಿಡಿದು ನಿಲ್ಲಿಸಿದವು.

ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ. ಟ್ಯೂಬಿಂಗನ್ನಿನಲ್ಲಿ ದೇವಶಾಸ್ತ್ರ ಓದಿ, ಬಾಸೆಲ್ ಮಿಷನ್ ಸೇರಿ, 1836ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ 25 ವರ್ಷ. ಈಗ ನನ್ನ ವಯಸ್ಸೂ ಅಷ್ಟೇ. ಊರಿನಿಂದ ಒಂದು ಕಾಗದ ಬರಲು ತಿಂಗಳುಗಟ್ಟಲೆ ಕಾಯಬೇಕಾದ ಕಾಲವದು. ಮದುವೆ ಇಲ್ಲ, ಭಾಷೆ ಬರುವುದಿಲ್ಲ, ಸೆಕೆ ಮತ್ತು ಜ್ವರ ಬೇರೆ. ಒಂಟಿತನಕ್ಕೆ ಇದಕ್ಕಿಂತ ಹೆಚ್ಚು ಕಾರಣ ಬೇಕೆ?

ಅವರು ಬಂಗಲೆಯ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಮಂಗಳೂರಿನಲ್ಲಿ ಹುಡುಗರಿಗೆ ಪಾಠ ಹೇಳುವಾಗ ಅವರ ಜೊತೆಯಲ್ಲೇ ಇದ್ದು, ಅವರು ಉಣ್ಣುವುದನ್ನೇ ಉಂಡರು. ಮೇಜಿನ ಆಚೆ ಕೂತು ಕಲಿಸುವವರ ನಡುವೆ ಇದು ಹೊಸದು. ಕನ್ನಡ ಅವರಿಗೆ ಒಲಿದದ್ದೂ ಹೀಗೆಯೇ ಇರಬೇಕು. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಹೊರಟ ಮಂಗಳೂರು ಸಮಾಚಾರ ಮರುವರ್ಷ ನಮ್ಮ ಪಕ್ಕದ ಬಳ್ಳಾರಿಗೆ ಹೋಗಿ ಅಚ್ಚುಮೊಳೆಯಲ್ಲಿ ಕನ್ನಡ ಸಮಾಚಾರವಾಯಿತು.

ಅವರಿಗೆ ಒಬ್ಬ ಜೀವದ ಗೆಳೆಯನಿದ್ದ, ಗಾಟ್‌ಫ್ರೀಡ್ ವೈಗ್ಲೆ. ಅವರೂ ಅದೇ ಮಿಷನ್ನಿನವರು. ಇಬ್ಬರೂ ಸೇರಿ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಗ್ರಂಥಮಾಲೆ ತಂದರು. ಹಣ ಕೊಟ್ಟವರು ನೀಲಗಿರಿಯಲ್ಲಿದ್ದ ನಿವೃತ್ತ ನ್ಯಾಯಾಧೀಶ ಕಾಸಾಮೇಜರ್. 1848ರಿಂದ 1853ರವರೆಗೆ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಇವರ ಕೈಯಿಂದ ಅಚ್ಚಾದವು. ನಮ್ಮ ರಾಯಚೂರು ಸೀಮೆ ದಾಸರ ನಾಡು. ಮಾನ್ವಿಯಲ್ಲಿ ವಿಜಯದಾಸರ, ಜಗನ್ನಾಥದಾಸರ ಹೆಸರು ಹೇಳಿದರೆ ಜನ ಕೈ ಮುಗಿಯುತ್ತಾರೆ. ಪಾದ್ರಿಗಳಿಬ್ಬರು ಕೂತು ದಾಸರ ಪದ ಅಚ್ಚು ಹಾಕಿಸಿದ್ದನ್ನು ಓದಿ ನನಗೆ ಅಚ್ಚರಿಯಾಯಿತು. ಎದುರುಬದುರು ಕೂತು ಕಷ್ಟಸುಖ ಮಾತಾಡಲು ಗಂಡಸರಿಗೆ ಸಂಕೋಚ. ಕೈಯಲ್ಲೊಂದು ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ. ಮೊಗ್ಲಿಂಗ್ ಮತ್ತು ವೈಗ್ಲೆಯ ನಡುವೆ ಅಂಥ ಕೆಲಸವಿತ್ತು.

ಇನ್ನೊಬ್ಬರು ಆನಂದರಾವ್ ಕೌಂಡಿನ್ಯ. ಮಂಗಳೂರಿನ ಬ್ರಾಹ್ಮಣ ಮನೆತನದ ತರುಣ. 1844ರಲ್ಲಿ ಇಬ್ಬರು ಸ್ನೇಹಿತರೊಂದಿಗೆ ಕ್ರೈಸ್ತರಾದರು, ಮೊಗ್ಲಿಂಗರ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಆದರು. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಮನೆಯವರು ದೂರವಾದರು. ಇದನ್ನು ಓದುವಾಗ ನನಗೆ ಕಸಿವಿಸಿಯಾದದ್ದು ನಿಜ. ಗೆಳೆತನಕ್ಕೆ ಒಬ್ಬನೇ ಇಷ್ಟು ಬೆಲೆ ತೆರಬೇಕೆ ಎನಿಸಿತು. ನನ್ನ ಗೆಳೆಯನೂ ನಾನೂ ಒಬ್ಬರ ದೇವರನ್ನು ಇನ್ನೊಬ್ಬರು ಮುಟ್ಟದೆ ಎರಡು ವರ್ಷ ಇದ್ದವರು. ಆದರೆ ಮೊಗ್ಲಿಂಗ್ ಆ ತರುಣನನ್ನು ನಡುನೀರಿನಲ್ಲಿ ಬಿಡಲಿಲ್ಲ. ಜೊತೆಯಲ್ಲೇ ಯುರೋಪಿಗೆ ಕರೆದೊಯ್ದರು. ಆನಂದರಾಯರು ಬಾಸೆಲ್ಲಿನಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು, ಮರಳಿ ಸಹೋದ್ಯೋಗಿಯಾದರು. ಹುಡುಗ ಶಿಷ್ಯನಾಗಿಯೇ ಉಳಿಯಲಿಲ್ಲ, ಸರಿಸಮ ಗೆಳೆಯನಾದ. ಮುಂದೆ ಕೊಡಗಿನಲ್ಲಿ ಬಡ ದಲಿತ ಕುಟುಂಬಗಳಿಗೆ ನೆಲೆಯಾದ ಆನಂದಪುರ ಅವರ ಹೆಸರನ್ನೇ ಹೊತ್ತಿದೆ.

1853ರಲ್ಲಿ ಮೊಗ್ಲಿಂಗ್ ಕೊಡಗಿಗೆ ಹೋದದ್ದೂ ಒಬ್ಬ ಮನುಷ್ಯನ ಕರೆಗೆ ಓಗೊಟ್ಟು. ಕೊಡವ ಸನ್ಯಾಸಿ ಅಲ್ಮಂಡ ಸೋಮಯ್ಯ ಅವರನ್ನು ಹುಡುಕಿಕೊಂಡು ಬಂದಿದ್ದರು.

1855ರಲ್ಲಿ ವೈಗ್ಲೆ ತೀರಿಕೊಂಡರು. ಇನ್ನೂ ನಲವತ್ತು ದಾಟದ ಮನುಷ್ಯ. ಹೆಂಡತಿ ಪೌಲೀನ್ ಮತ್ತು ಮಕ್ಕಳು ಪರದೇಶದಲ್ಲಿ ಒಂಟಿಯಾದರು. ಅಲ್ಲಿಯವರೆಗೆ ಮದುವೆಯಾಗದೆ ಇದ್ದ ಮೊಗ್ಲಿಂಗ್ ಪೌಲೀನರನ್ನು ಮದುವೆಯಾಗಿ ಗೆಳೆಯನ ಮಕ್ಕಳಿಗೆ ತಂದೆಯಾದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ಹೆಂಡತಿಯ ಆರೋಗ್ಯ ಕೆಟ್ಟಾಗ ಇಪ್ಪತ್ತೈದು ವರ್ಷ ಹತ್ತಿರ ದುಡಿದ ಕನ್ನಡ ನೆಲ ಬಿಟ್ಟು ಊರಿಗೆ ಹೊರಟರು. 1881ರಲ್ಲಿ ಎಸ್ಲಿಂಗನ್‌ನಲ್ಲಿ ಕಣ್ಣು ಮುಚ್ಚಿದರು.

ಪುಸ್ತಕ ಮುಚ್ಚಿದಾಗ ನನಗೆ ನೆನಪಾದದ್ದು ಆ ಮಣ್ಣಿನ ದಿನ. ಒಬ್ಬ ಗೆಳೆಯನ ಸಾವಿನ ನಂತರ ಅವನ ಇಡೀ ಮನೆಯನ್ನು ಹೆಗಲಿಗೆ ಹಾಕಿಕೊಂಡ. ನಾನು ಒಂದು ಬಸ್ ಹತ್ತಲಿಲ್ಲ. ಆ ಪರೀಕ್ಷೆಯಲ್ಲೂ ಪಾಸಾಗಲಿಲ್ಲ, ಆ ಮಾತು ಬೇರೆ.

ಮುಂದಿನ ವಾರ ಎರಡು ಬಸ್ಸು ಬದಲಿಸಿ ಅವನೂರಿಗೆ ಹೋದೆ. ಹೇಳದೆ ಹೋಗಿದ್ದೆ. ಅವನು ಹೊಲದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ. ತಪ್ಪಾಯಿತು ಎಂದೆ. ಅವನು ಏನೂ ಅನ್ನಲಿಲ್ಲ, ಇನ್ನೊಂದು ಕೊಡ ನೀರು ತರಲು ಹೇಳಿದ. ಸಂಜೆಯವರೆಗೆ ನೀರು ಹೊತ್ತೆ. ಹೊತ್ತು ಇಳಿದ ಮೇಲೆ ಬದುವಿನಲ್ಲಿ ಕೂತಾಗ ಅವನೇ ಶುರುಮಾಡಿದ. ಅಪ್ಪನ ಕೊನೆಯ ದಿನಗಳು, ಸಾಲ, ರಾತ್ರಿ ನಿದ್ದೆ ಬಾರದ್ದು, ಚರ್ಚಿನಲ್ಲಿ ಎಲ್ಲರ ಜೊತೆ ಕೂತರೂ ಯಾರಿಗೂ ಹೇಳಲಾಗದ್ದು. ನಾನು ಸಮಾಧಾನದ ಮಾತೇನೂ ಹೇಳಲಿಲ್ಲ. ನನ್ನಲ್ಲಿ ಇರಲೂ ಇಲ್ಲ. ನನ್ನ ಕಥೆಯನ್ನೂ ಹೇಳಿದೆ. ಎರಡು ವರ್ಷ ಒಂದೇ ರೂಮಿನಲ್ಲಿದ್ದು ನಾವು ಆಡದ ಮಾತು ಅಂದು ಬದುವಿನ ಮೇಲೆ ಆಡಿದೆವು. ರಾತ್ರಿ ಅವನ ತಾಯಿ ಮಾಡಿದ ರೊಟ್ಟಿ ಉಂಡು ಅಲ್ಲೇ ಮಲಗಿದೆ.

ಈಗ ತಿಂಗಳಿಗೊಮ್ಮೆ ನಾನು ಹೋಗುತ್ತೇನೆ, ಇಲ್ಲವೆ ಅವನು ಬರುತ್ತಾನೆ. ಕ್ರಿಸ್‌ಮಸ್‌ಗೆ ನನ್ನನ್ನು ಕರೆದಿದ್ದಾನೆ, ಸಂಕ್ರಾಂತಿಗೆ ಅವನು ನಮ್ಮ ಮನೆಗೆ ಬರುತ್ತಾನೆ. ಇಬ್ಬರಿಗೂ ಇನ್ನೂ ನೌಕರಿ ಸಿಕ್ಕಿಲ್ಲ. ಪುನಃ ಅರ್ಜಿ ಹಾಕಿದ್ದೇವೆ.

ಓದಲು ಊರು ಬಿಟ್ಟು ರೂಮುಗಳಲ್ಲಿ ಕೂತಿರುವ ಸ್ನೇಹಿತರೇ, ಆರಾಮ್ ಎಂದು ಹೇಳಿ ಫೋನಿಡುವ ಒಬ್ಬ ಗೆಳೆಯ ನಿಮಗೂ ಇದ್ದಾನು. ಮಂಗಳೂರು ಸಮಾಚಾರದ ಪ್ರಶ್ನೆ ಮುಂದಿನ ಸಲ ಬಂದಾಗ ಒಂದು ಅಂಕ ತೆಗೆದುಕೊಳ್ಳಿ. ಆಮೇಲೆ ಬಿಡುವು ಮಾಡಿಕೊಂಡು ಅವನ ಊರಿನ ಬಸ್ ಹತ್ತಿ.