ಮೂವತ್ತರಲ್ಲಿ ಮತ್ತೆ ವಿದ್ಯಾರ್ಥಿಯಾದ ಡಾಕ್ಟರ್ ಶ್ವೈಟ್ಜರ್

ಓದುವ ವಯಸ್ಸು ಮುಗಿಯಿತು, ಇನ್ನೇನು ಕಲಿಯುವುದು ಎಂದು ನಿಟ್ಟುಸಿರು ಬಿಡುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಒಂದು ಪರೀಕ್ಷೆಯಲ್ಲಿ ನಪಾಸಾದೊಡನೆ ಪುಸ್ತಕಗಳನ್ನು ಅಟ್ಟಕ್ಕೇರಿಸುವ ಮಕ್ಕಳೂ ಇದ್ದಾರೆ. ಇಂಥವರೆಲ್ಲರೂ ತಿಳಿಯಬೇಕಾದ ಬಾಳು ಆಲ್ಬರ್ಟ್ ಶ್ವೈಟ್ಜರ್ ಅವರದು.

ಶ್ವೈಟ್ಜರ್ ಹುಟ್ಟಿದ್ದು 1875ರ ಜನವರಿ 14ರಂದು, ಆಲ್ಸೇಸ್ ಪ್ರಾಂತದ ಕೈಸರ್ಸ್‌ಬರ್ಗ್ ಎಂಬ ಊರಿನಲ್ಲಿ. ಆಲ್ಸೇಸ್ ಕೂಡ ನಮ್ಮದರಂತೆ ಗಡಿನಾಡು. ಆಗ ಅದು ಜರ್ಮನಿಗೆ ಸೇರಿತ್ತು. ಮೊದಲನೆಯ ಮಹಾಯುದ್ಧದ ಬಳಿಕ ಫ್ರಾನ್ಸಿಗೆ ಸೇರಿತು. ಅಲ್ಲಿನ ಮಕ್ಕಳ ಕಿವಿಗೆ ಎರಡು ಭಾಷೆಗಳು ಬೀಳುತ್ತಿದ್ದವು. ಶ್ವೈಟ್ಜರರು ಊರಿನ ಜರ್ಮನ್ ಆಡುಮಾತಿನಲ್ಲಿ ಬೆಳೆದರು, ತಂದೆತಾಯಿಗೆ ಕಾಗದ ಬರೆಯುವಾಗ ಫ್ರೆಂಚ್ ಬಳಸಿದರು. ಮುಂದೆ ಸಂಗೀತಗಾರ ಬಾಖ್ ಕುರಿತು ಮೊದಲು ಫ್ರೆಂಚಿನಲ್ಲಿ ಒಂದು ಗ್ರಂಥ ಬರೆದರು. ಅದನ್ನು ಜರ್ಮನ್ನಿಗೆ ತರುವಾಗ ಅನುವಾದಿಸದೆ ಹೊಸದಾಗಿಯೇ ಬರೆದರು. ಎರಡು ಭಾಷೆ ಬಲ್ಲುದು ಹೊರೆಯಲ್ಲ, ಬಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಬಾಲ್ಯದಲ್ಲಿ ಅವರು ಜಾಣ ವಿದ್ಯಾರ್ಥಿಯಾಗಿರಲಿಲ್ಲ. ಮುಲ್ಹೌಸ್ ಪಟ್ಟಣದ ಪ್ರೌಢಶಾಲೆಯಲ್ಲಿ ಅಂಕಗಳು ಎಷ್ಟು ಕಡಿಮೆಯಾದುವೆಂದರೆ, ಮುಖ್ಯೋಪಾಧ್ಯಾಯರು ತಂದೆಯನ್ನು ಕರೆಸಿ ಹುಡುಗನನ್ನು ಬಿಡಿಸುವುದೇ ಮೇಲೆಂದು ಸೂಚಿಸಿದರು. ಪಾದ್ರಿಯಾಗಿದ್ದ ತಂದೆ ಮಗನನ್ನು ಗದರಿಸಲಿಲ್ಲ. ಅಷ್ಟರಲ್ಲಿ ವೇಮನ್ ಎಂಬ ಹೊಸ ತರಗತಿ ಅಧ್ಯಾಪಕರು ಬಂದರು. ಅವರು ಪ್ರತಿ ಪಾಠಕ್ಕೂ ಸಿದ್ಧರಾಗಿ ಬರುವುದನ್ನು, ಉತ್ತರ ಪುಸ್ತಕಗಳನ್ನು ಹೇಳಿದ ದಿನವೇ ಹಿಂತಿರುಗಿಸುವುದನ್ನು ಹುಡುಗ ಗಮನಿಸಿದ. ಮೂರೇ ತಿಂಗಳಲ್ಲಿ ಅವನು ಒಳ್ಳೆಯ ವಿದ್ಯಾರ್ಥಿಗಳ ಸಾಲಿಗೆ ಸೇರಿದ. ಅಧ್ಯಾಪಕನಾದ ನನಗೆ ಈ ಸಂಗತಿ ನೆನಪಾದಾಗಲೆಲ್ಲ ಮೈ ಎಚ್ಚರಗೊಳ್ಳುತ್ತದೆ.

ಆಮೇಲೆ ಅವರ ಏಳಿಗೆಗೆ ತಡೆಯಿರಲಿಲ್ಲ. ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ 1899ರಲ್ಲಿ ತತ್ತ್ವಶಾಸ್ತ್ರದ ಡಾಕ್ಟರೇಟ್, ಮರುವರ್ಷ ದೇವತಾಶಾಸ್ತ್ರದ ಪದವಿ, ಚರ್ಚಿನಲ್ಲಿ ಉಪದೇಶಕ ಸ್ಥಾನ, ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕ ವೃತ್ತಿ, ಆರ್ಗನ್ ವಾದನದಲ್ಲಿ ಯುರೋಪಿನಲ್ಲೆಲ್ಲ ಹೆಸರು. ಆದರೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ಅವರು ಒಂದು ನಿಶ್ಚಯ ಮಾಡಿಕೊಂಡಿದ್ದರು. ಮೂವತ್ತು ತುಂಬುವವರೆಗೆ ವಿದ್ಯೆ ಮತ್ತು ಸಂಗೀತ. ಆಮೇಲಿನ ಬಾಳು ಕಷ್ಟದಲ್ಲಿರುವವರ ಸೇವೆಗೆ. 1904ರಲ್ಲಿ ಒಂದು ಮಿಷನ್ ಪತ್ರಿಕೆ ಅವರ ಕೈಗೆ ಬಂತು. ಆಫ್ರಿಕದ ಗ್ಯಾಬನ್ ಪ್ರದೇಶಕ್ಕೆ ಸೇವಕರು ಬೇಕೆಂದು ಅದರಲ್ಲಿ ಬರೆದಿತ್ತು. ದಾರಿ ಸಿಕ್ಕಿತು ಎಂದುಕೊಂಡರು.

1905ರ ಅಕ್ಟೋಬರ್ 13ರಂದು, ವೈದ್ಯಕೀಯ ಓದಲು ನಿಶ್ಚಯಿಸಿರುವುದಾಗಿ ತಂದೆತಾಯಿಗೂ ಮಿತ್ರರಿಗೂ ಕಾಗದ ಹಾಕಿದರು. ಬಂಧುಮಿತ್ರರು ಬೆರಗಾದರು, ಕೈಯಲ್ಲಿದ್ದ ಕೀರ್ತಿಯನ್ನು ಚೆಲ್ಲಿ ಕಾಡಿಗೆ ಹೋಗುವುದು ಹುಚ್ಚುತನವೆಂದು ವಾದಿಸಿದರು. ಅಧ್ಯಾಪಕರಾಗಿದ್ದ ವಿಶ್ವವಿದ್ಯಾನಿಲಯದಲ್ಲಿಯೇ ಅವರು ವಿದ್ಯಾರ್ಥಿಯಾಗಲು ಸರಕಾರದ ವಿಶೇಷ ಅನುಮತಿ ಬೇಕಾಯಿತು.

ಮೂವತ್ತರ ವಯಸ್ಸಿನಲ್ಲಿ ಹುಡುಗರ ಜತೆ ಬೆಂಚಿನ ಮೇಲೆ ಕುಳಿತು ಭೌತಶಾಸ್ತ್ರ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಮೊದಲ ಪಾಠಗಳಿಂದ ಆರಂಭಿಸಿದರು. ನೆನಪಿನ ಶಕ್ತಿ ಹಿಂದಿನಷ್ಟು ಚುರುಕಾಗಿರಲಿಲ್ಲ. ಬೋಧನೆ, ಉಪದೇಶ, ಸಂಗೀತ ಕಚೇರಿ ಯಾವುದನ್ನೂ ಪೂರ್ತಿ ಬಿಟ್ಟಿರಲಿಲ್ಲ. 1908ರ ಮೊದಲ ಹಂತದ ಪರೀಕ್ಷೆ ಹತ್ತಿರ ಬಂದಾಗ ದಣಿವು ಮಿತಿಮೀರಿತು. ಅಷ್ಟು ದೊಡ್ಡ ವಿದ್ವಾಂಸರೂ ಒಂದು ತಪ್ಪು ಮಾಡಿದ್ದರು. ವಿಜ್ಞಾನದ ಆಳಕ್ಕಿಳಿದು ಓದಿದ್ದರೇ ಹೊರತು ಪರೀಕ್ಷೆಗೆಂದು ಓದಿರಲಿಲ್ಲ. ಕೊನೆಯ ಕೆಲವು ವಾರಗಳಲ್ಲಿ ಸಹಪಾಠಿಗಳ ಒತ್ತಾಯಕ್ಕೆ ಮಣಿದು ಅವರ ಪರೀಕ್ಷಾ ತಯಾರಿಯ ಕೂಟಕ್ಕೆ ಸೇರಿದರು. ಯಾವ ಪ್ರಾಧ್ಯಾಪಕರು ಎಂಥ ಪ್ರಶ್ನೆ ಕೇಳುತ್ತಾರೆ, ಎಂಥ ಉತ್ತರ ಬಯಸುತ್ತಾರೆ ಎಂಬುದನ್ನು ತಮಗಿಂತ ಕಿರಿಯರಿಂದ ಕಲಿತರು. ಎಣಿಸಿದ್ದಕ್ಕಿಂತ ಚೆನ್ನಾಗಿ ತೇರ್ಗಡೆಯಾದರು. ಕಿರಿಯರಿಂದ ಕಲಿಯಲು ನಾಚದವನೇ ನಿಜವಾದ ವಿದ್ಯಾರ್ಥಿ.

1911ರ ಕೊನೆಯಲ್ಲಿ ಅಂತಿಮ ಪರೀಕ್ಷೆ ಮುಗಿಯಿತು. ಅದರ ಶುಲ್ಕವನ್ನು ಮ್ಯೂನಿಕ್ ನಗರದಲ್ಲಿ ಆರ್ಗನ್ ನುಡಿಸಿ ಸಂಪಾದಿಸಿದ್ದರು. ಆಗ ಅವರಿಗೆ ಮೂವತ್ತಾರು ವರ್ಷ. 1912ರಲ್ಲಿ ಹೆಲೀನ್ ಬ್ರೆಸ್ಲೌ ಅವರನ್ನು ಮದುವೆಯಾದರು. ಆಕೆ ದಾದಿಯ ತರಬೇತಿ ಪಡೆದಿದ್ದರು. ದಂಪತಿಗಳು 70 ಪೆಟ್ಟಿಗೆಗಳ ಸಾಮಾನಿನೊಡನೆ ಹೊರಟು 1913ರ ಏಪ್ರಿಲಿನಲ್ಲಿ ಓಗೋವೆ ನದಿಯ ದಡದ ಲಾಂಬರೆನೆ ತಲುಪಿದರು.

ಅಲ್ಲಿ ಆಸ್ಪತ್ರೆಯ ಕಟ್ಟಡವಿರಲಿಲ್ಲ. ಹಳೆಯ ಕೋಳಿಗೂಡೊಂದನ್ನು ಶುಚಿಮಾಡಿ ಚಿಕಿತ್ಸೆ ಆರಂಭಿಸಿದರು. ಮಲೇರಿಯ, ನಿದ್ರಾರೋಗ, ಕುಷ್ಠ, ರಕ್ತಭೇದಿ, ಹರ್ನಿಯಾ, ವ್ರಣಗಳಿಂದ ನರಳುವವರು ದೋಣಿಗಳಲ್ಲಿ ಬಂದರು. ಮೊದಲ ಒಂಬತ್ತು ತಿಂಗಳಲ್ಲಿ ಸುಮಾರು 2,000 ರೋಗಿಗಳನ್ನು ನೋಡಿದರು. ಶಸ್ತ್ರಚಿಕಿತ್ಸೆಯ ವೇಳೆ ಪತ್ನಿ ಅರಿವಳಿಕೆ ಕೊಡುತ್ತಿದ್ದರು. ಜೋಸೆಫ್ ಎಂಬ ಸ್ಥಳೀಯರು ಅಡುಗೆಯವರಾಗಿ, ದುಭಾಷಿಯಾಗಿ, ಸಹಾಯಕರಾಗಿ ದುಡಿದರು.

1914ರಲ್ಲಿ ಯುದ್ಧ ಬಂತು. ಫ್ರೆಂಚ್ ವಸಾಹತಿನಲ್ಲಿದ್ದ ಜರ್ಮನ್ ಪ್ರಜೆಗಳೆಂದು ದಂಪತಿಗಳು ಕಾವಲಿಗೊಳಗಾದರು. 1917ರಲ್ಲಿ ಫ್ರಾನ್ಸಿಗೆ ಒಯ್ದು ಶಿಬಿರದಲ್ಲಿರಿಸಿದರು. ಈ ನಡುವೆ, 1915ರಲ್ಲಿ ನದಿಯ ಮೇಲೆ ಸಾಗುತ್ತಿದ್ದಾಗ, ಎಲ್ಲ ಜೀವಗಳನ್ನೂ ಗೌರವಿಸುವುದೇ ನೀತಿಯ ಮೂಲವೆಂಬ ತತ್ತ್ವ ಅವರಿಗೆ ಹೊಳೆದಿತ್ತು. 1924ರಲ್ಲಿ ಮರಳಿ ಹೋಗಿ ನೋಡಿದಾಗ ಆಸ್ಪತ್ರೆ ಪಾಳುಬಿದ್ದಿತ್ತು. ಐವತ್ತರ ಹೊಸ್ತಿಲಲ್ಲಿ ಮತ್ತೆ ಕಟ್ಟತೊಡಗಿದರು. 1952ರ ನೊಬೆಲ್ ಶಾಂತಿ ಪ್ರಶಸ್ತಿಯ ಹಣ ಕುಷ್ಠರೋಗಿಗಳ ವಸತಿಗೆ ನೆರವಾಯಿತು. 1965ರ ಸೆಪ್ಟೆಂಬರ್ 4ರಂದು, ತೊಂಬತ್ತರ ವಯಸ್ಸಿನಲ್ಲಿ, ಲಾಂಬರೆನೆಯಲ್ಲಿಯೇ ಕಣ್ಮುಚ್ಚಿದರು.

ಅವರಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಆಫ್ರಿಕದ ಜನರನ್ನು ಸಮಾನರೆಂದು ಕಾಣದೆ ಕಿರಿಯ ತಮ್ಮಂದಿರಂತೆ ಕಂಡರೆಂಬ ಆಕ್ಷೇಪಣೆ ಇದೆ, ಅದು ನ್ಯಾಯವೇ. ಹಾಗೆಂದು ಕೋಳಿಗೂಡಿನಲ್ಲಿ ಆರಂಭವಾದ ಸೇವೆಯ ಬೆಲೆ ಇಲ್ಲವಾಗುವುದಿಲ್ಲ. ಆ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ.

ವಿದ್ಯಾರ್ಥಿ ಮಿತ್ರರೇ, ಈ ವರ್ಷ ಅಂಕ ಕಡಿಮೆ ಬಂದಿದ್ದರೆ ಮುಲ್ಹೌಸಿನ ಹುಡುಗನನ್ನು ನೆನೆಯಿರಿ. ಪೋಷಕರೇ, ಮಗನನ್ನಾಗಲಿ ಮಗಳನ್ನಾಗಲಿ ಶಾಲೆ ಬಿಡಿಸುವ ಮುನ್ನ, ಗದರಿಸದೆ ಕಾದ ಆ ತಂದೆಯನ್ನು ನೆನೆಯಿರಿ. ಓದು ಯಾವ ವಯಸ್ಸಿಗೂ ಬಾಗಿಲು ಮುಚ್ಚುವುದಿಲ್ಲ. ಬಾಗಿಲು ತಟ್ಟುವ ಮನಸ್ಸು ಮಾತ್ರ ನಮ್ಮದಾಗಿರಬೇಕು.