ಶಾಲೆಯಿಂದ ಗುರುಮನೆಗೆ: ಸವಾಯಿ ಗಂಧರ್ವರ ಆಯ್ಕೆ

ಉತ್ತರ ಕರ್ನಾಟಕದಲ್ಲಿ ಹಿಂದೂಸ್ತಾನಿ ಸಂಗೀತ ನೆಲೆಯೂರಿದ ಚರಿತ್ರೆಯಲ್ಲಿ ಕುಂದಗೋಳಕ್ಕೆ ವಿಶಿಷ್ಟ ಸ್ಥಾನವಿದೆ. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಪುಟ್ಟ ಊರು ಕಿರಾಣಾ ಘರಾಣೆಯ ಕನ್ನಡ ಶಾಖೆಗೆ ತವರಾದುದು ರಾಮಚಂದ್ರ ಕುಂದಗೋಳಕರ ಅವರಿಂದ. ಮುಂದೆ ಸವಾಯಿ ಗಂಧರ್ವರೆಂದು ಪ್ರಖ್ಯಾತರಾದ ಅವರ ಬದುಕನ್ನು ಸಾಧನೆಗಳ ಪಟ್ಟಿಯಾಗಿ ನೋಡುವುದಕ್ಕಿಂತ, ಬಾಲ್ಯದಲ್ಲಿ ಮಾಡಿಕೊಂಡ ಒಂದು ಆಯ್ಕೆಯ ಪರಿಣಾಮಗಳಾಗಿ ನೋಡುವುದು ಹೆಚ್ಚು ಅರ್ಥಪೂರ್ಣ.

1886ರ ಜನವರಿ 19ರಂದು ಜನಿಸಿದ ರಾಮಭಾವುವಿನ ತಂದೆ ಗಣೇಶ ಸೌಂಶಿ ಕುಂದಗೋಳದ ರಂಗನಗೌಡ ನಾಡಿಗೇರ ಅವರಲ್ಲಿ ಕಾರಕೂನರಾಗಿದ್ದರು. ಕಾರಕೂನರ ಮನೆತನಕ್ಕೆ ಮಗನ ಶಾಲೆಯೆಂದರೆ ನೌಕರಿಯ ದಾರಿ. ಗಾಯನವೃತ್ತಿಗೆ ಅಂದು ಅಂಥ ಸಾಮಾಜಿಕ ಮನ್ನಣೆಯೂ ಇರಲಿಲ್ಲ, ನಿಶ್ಚಿತ ಆದಾಯವೂ ಇರಲಿಲ್ಲ. ಆದರೆ ಹುಡುಗನ ಒಲವು ಪಾಠಗಳಿಗಿಂತ ಹಾಡಿನ ಕಡೆಗಿತ್ತು. ಇದನ್ನು ಮನಗಂಡ ತಂದೆ ಅವನನ್ನು ಬಲವಂತರಾವ್ ಕೊಲ್ಹಟಕರ ಅವರ ಬಳಿ ಕಲಿಯಲು ಬಿಟ್ಟರು. ಅವರಿಂದ ದ್ರುಪದ, ತರಾನಾಗಳ ಅಭ್ಯಾಸ ದೊರೆಯಿತು. 1898ರಲ್ಲಿ ಕೊಲ್ಹಟಕರರು ತೀರಿಕೊಂಡಾಗ ಶಿಷ್ಯನಿಗೆ ಇನ್ನೂ ಹನ್ನೆರಡು ವರ್ಷ.

ಶಾಲೆಯಲ್ಲಿ ಸಂಗೀತವೊಂದು ಪಠ್ಯವಿಷಯವಾಗಿರುವ ಇಂದಿನ ಸ್ಥಿತಿಯೊಡನೆ ಆ ಕಾಲವನ್ನು ಹೋಲಿಸಲಾಗದು. ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದದ್ದೇ 1901ರಲ್ಲಿ. ಹೀಗಾಗಿ ಸಂಗೀತವನ್ನು ಆರಿಸಿಕೊಳ್ಳುವುದೆಂದರೆ ಶಾಲೆಯನ್ನು ತೊರೆದು ಗುರುವಿನ ಮನೆಯನ್ನು ಸೇರುವುದೇ ಆಗಿತ್ತು. ಮಿರಜ, ಧಾರವಾಡ, ಮೈಸೂರುಗಳ ನಡುವೆ ಸಂಚರಿಸುತ್ತಿದ್ದ ಉಸ್ತಾದ್ ಅಬ್ದುಲ್ ಕರೀಮ್ ಖಾನರು ನಾಡಿಗೇರರ ವಾಡೆಗೆ ಬಂದಾಗ ಈ ಹುಡುಗನ ಕಂಠ ಅವರನ್ನು ಸೆಳೆಯಿತು. ಎಂಟು ವರ್ಷ ತಮ್ಮೊಡನಿದ್ದು ಕಲಿಯಬೇಕೆಂಬ ಕರಾರಿನ ಮೇಲೆ ಖಾನರು ಅವನನ್ನು ಸ್ವೀಕರಿಸಿದರೆಂಬುದು ಪ್ರಚಲಿತ ವೃತ್ತಾಂತ. ಬ್ರಾಹ್ಮಣ ಮನೆತನದ ಬಾಲಕನೊಬ್ಬ ಮುಸ್ಲಿಂ ಉಸ್ತಾದರ ಆಶ್ರಯದಲ್ಲಿ ಬೆಳೆಯುವುದು ಅಂದಿನ ಸಮಾಜದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ಆಯ್ಕೆ ಅಲ್ಲಿಗೆ ಮುಗಿಯಲಿಲ್ಲ. ಹರೆಯದಲ್ಲಿ ಕಂಠ ಒಡೆದು, ಬಾಲ್ಯದ ಮಾಧುರ್ಯ ಮರೆಯಾಯಿತು. ಯಾವ ದನಿಯನ್ನು ನಂಬಿ ಶಾಲೆಯನ್ನು ಬಿಟ್ಟದ್ದೋ ಆ ದನಿಯೇ ಕೈಕೊಟ್ಟಾಗ ಉಳಿದದ್ದು ಸಾಧನೆಯೊಂದೇ. ಒಗ್ಗದ ಕಂಠವನ್ನು ನಿಧಾನವಾಗಿ ಹದಗೊಳಿಸಿ ರಾಗವನ್ನು ಅರಳಿಸುವ ಅವರ ಗಾಯನಕ್ರಮದ ಹಿಂದೆ ಈ ಕಷ್ಟವಿದೆ. ಮುಂದೆ ಗುರುವಿನ ಇಚ್ಛೆಗೆ ವಿರುದ್ಧವಾಗಿ ಮರಾಠಿ ಸಂಗೀತ ನಾಟಕರಂಗವನ್ನು ಪ್ರವೇಶಿಸಿ, ಸ್ತ್ರೀಪಾತ್ರಗಳಿಂದ ಹೆಸರು ಗಳಿಸಿದರು. ಸವಾಯಿ ಗಂಧರ್ವ ಎಂಬ ಬಿರುದು ಅಮರಾವತಿಯಲ್ಲಿ ದೊರೆತದ್ದು ಈ ಅವಧಿಯಲ್ಲಿಯೇ. ರಂಗಭೂಮಿ ಅನ್ನವನ್ನೂ ಕೀರ್ತಿಯನ್ನೂ ಕೊಟ್ಟಿತಾದರೂ ಅವರು ಕೊನೆಗೆ ಮರಳಿದ್ದು ರಾಗಸಂಗೀತಕ್ಕೆ.

ಕುಂದಗೋಳದಲ್ಲಿ ನೆಲೆ ನಿಂತ ಮೇಲೆ ಅವರ ಮನೆಯೇ ಪಾಠಶಾಲೆಯಾಯಿತು. ಹನ್ನೊಂದರ ವಯಸ್ಸಿನಲ್ಲಿ, 1933ರಲ್ಲಿ, ಗುರುವನ್ನರಸಿ ಮನೆ ಬಿಟ್ಟಿದ್ದ ಭೀಮಸೇನ ಜೋಶಿ ಅಲ್ಲಿ ಮನೆಗೆಲಸ ಮಾಡುತ್ತ ಕಲಿತರು. ಪ್ರಾಥಮಿಕ ಹಂತದಲ್ಲಿಯೇ ಓದು ನಿಂತಿದ್ದ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಫಿರೋಜ್ ದಸ್ತೂರ್, ಬಸವರಾಜ ರಾಜಗುರು ಅವರೂ ಇದೇ ಶಿಷ್ಯಪರಂಪರೆಗೆ ಸೇರಿದವರು. ಪಾರ್ಶ್ವವಾಯು ಪೀಡಿತರಾಗಿ ಹಾಡಲಾಗದ ಕೊನೆಯ ವರ್ಷಗಳನ್ನು ಕಳೆದ ಸವಾಯಿ ಗಂಧರ್ವರು 1952ರ ಸೆಪ್ಟೆಂಬರ್ 12ರಂದು ನಿಧನರಾದರು. ಮರುವರ್ಷವೇ ಪುಣೆಯಲ್ಲಿ ಅವರ ಸ್ಮರಣೆಯ ಸಂಗೀತೋತ್ಸವ ಆರಂಭವಾಯಿತು.

ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಇಂದು ಗಂಗೂಬಾಯಿ ಹಾನಗಲ್ಲರ ಹೆಸರಿದೆ. ಔಪಚಾರಿಕ ವಿದ್ಯೆಯ ಆಚೆ ಬೆಳೆದ ಶಿಷ್ಯೆಯೊಬ್ಬರ ಹೆಸರನ್ನು ಸಂಗೀತದ ಔಪಚಾರಿಕ ಶಿಕ್ಷಣವೇ ಧರಿಸಿರುವುದನ್ನು ಗಮನಿಸಿದಾಗ, ಕಾರಕೂನರ ಮಗನ ಅಂದಿನ ಆಯ್ಕೆ ಎಷ್ಟು ದೂರ ಸಾಗಿತೆಂಬುದು ತಿಳಿಯುತ್ತದೆ.