ಬಿಸಿನೀರಿಗೆ ಕೊಲೆಸ್ಟ್ರಾಲ್ ಕರಗುತ್ತದೆಯೇ? ಅದಕ್ಕೆ ಹೆಸರಿಟ್ಟ ಶೆವ್ರಲ್ ಕಥೆ ಓದಿ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಲ್ಲೇ ರಕ್ತ ಪರೀಕ್ಷೆ ಮಾಡಿಸಿದರೂ ರಿಪೋರ್ಟಿನಲ್ಲಿ ನಮ್ಮ ಕಣ್ಣು ಮೊದಲು ಹೋಗುವುದು ಕೊಲೆಸ್ಟ್ರಾಲ್ ಮೇಲೆ. ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಎಣ್ಣೆ, ಊಟದ ಮೇಲೆ ಬಿಸಿನೀರು ಕುಡಿದರೆ ಕರಗುತ್ತದೆ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದು ಸುಳ್ಳು. ಅದು ಎಣ್ಣೆಯೇ ಅಲ್ಲವೆಂದು 200 ವರ್ಷಗಳ ಹಿಂದೆಯೇ ಒಬ್ಬರು ತೋರಿಸಿದ್ದರು.

ಮಿಶೆಲ್ ಯೂಜೀನ್ ಶೆವ್ರಲ್ ಹುಟ್ಟಿದ್ದು 1786ರಲ್ಲಿ, ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ, ವೈದ್ಯರ ಮನೆತನದಲ್ಲಿ. ಇವರು ಮಾತ್ರ ಪ್ಯಾರಿಸ್‌ಗೆ ಹೋಗಿ ರಸಾಯನಶಾಸ್ತ್ರ ಹಿಡಿದರು. ಸಾಬೂನು ಹೇಗಾಗುತ್ತದೆ ಎಂದು ವರ್ಷಗಟ್ಟಲೆ ಕೆದಕಿದರು. ಎಣ್ಣೆ, ಕೊಬ್ಬು ಯಾವುದನ್ನೇ ಕ್ಷಾರದ ಜೊತೆ ಕುದಿಸಿದರೆ ಸಾಬೂನಾಗುತ್ತದೆ. ಪಿತ್ತಕೋಶದ ಕಲ್ಲಿನಲ್ಲಿ ಸಿಗುವ ಬಿಳಿ ಮೇಣದಂಥ ವಸ್ತುವನ್ನೂ ಹಾಗೇ ಕುದಿಸಿ ನೋಡಿದರು. ಸಾಬೂನಾಗಲಿಲ್ಲ! ಹಾಗಾದರೆ ಇದು ಬೇರೆಯೇ ವಸ್ತು ಎಂದು ಗ್ರೀಕ್‌ನ ಪಿತ್ತ, ಗಟ್ಟಿ ಎಂಬ ಎರಡು ಪದ ಸೇರಿಸಿ ಕೊಲೆಸ್ಟರಿನ್ ಎಂದು ಹೆಸರಿಟ್ಟರು. ಅದೇ ಮುಂದೆ ಕೊಲೆಸ್ಟ್ರಾಲ್ ಆಯಿತು.

ವಸ್ತು ಶುದ್ಧವೋ ಅಲ್ಲವೋ ಎಂದು ಅದು ಕರಗುವ ಬಿಸಿಯಿಂದ ಗುರುತಿಸುವುದು ಶೆವ್ರಲ್ ರೂಢಿಗೆ ತಂದ ಕ್ರಮ. ಶುದ್ಧ ಕೊಲೆಸ್ಟ್ರಾಲ್ ಕರಗುವುದು ಸುಮಾರು 148 ಡಿಗ್ರಿಯಲ್ಲಿ. ನೀರು 100 ಡಿಗ್ರಿಗೇ ಕುದಿಯುತ್ತದೆ, ನಮ್ಮ ಮೈ ಬಿಸಿ 37. ಫಾರ್ವರ್ಡ್ ಬರೆದವರು ಈ ಲೆಕ್ಕ ಹಾಕಿರಲಿಕ್ಕಿಲ್ಲ.

ಶೆವ್ರಲ್ ಇನ್ನೊಂದು ನಂಬಿಕೆಯನ್ನೂ ಪರೀಕ್ಷಿಸಿದ್ದರು. ದಾರಕ್ಕೆ ಕಟ್ಟಿದ ಉಂಗುರ ಕೆಲವು ವಸ್ತುಗಳ ಮೇಲೆ ತಾನಾಗಿ ತೂಗುತ್ತದೆ ಎನ್ನುತ್ತಿದ್ದರು. ಇವರು ಕಣ್ಣು ಕಟ್ಟಿಕೊಂಡು ಹಿಡಿದಾಗ ಆ ಆಟ ನಡೆಯಲಿಲ್ಲ. ತೂಗಿಸುತ್ತಿದ್ದುದು ನಮಗೆ ಅರಿವಿಲ್ಲದೆ ಅಲುಗುವ ಕೈ ಎಂದು 1833ರಲ್ಲಿ ಬರೆದರು. ಬೋರ್‌ವೆಲ್ ಪಾಯಿಂಟಿಗೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನಡೆಯುವುದು ನೆನಪಾಯಿತೇ? 1889ರಲ್ಲಿ, 102ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಐಫೆಲ್ ಗೋಪುರದ ಮೇಲಿರುವ 72 ಹೆಸರುಗಳಲ್ಲಿ ಅವರದೂ ಇದೆ.

ಇಂದು ಲ್ಯಾಬಿನಲ್ಲಿ ಸೀರಂಗೆ ಕಿಣ್ವ ಬೆರೆಸುತ್ತಾರೆ. ಬಣ್ಣ ಗಾಢವಾದಷ್ಟೂ ಕೊಲೆಸ್ಟ್ರಾಲ್ ಹೆಚ್ಚು. ಕೊಲೆಸ್ಟ್ರಾಲ್ ನೀರಿನಲ್ಲಿ ಬೆರೆಯದ ಕಾರಣ ಪ್ರೋಟೀನ್ ಹೊದ್ದ ಕಣಗಳಲ್ಲಿ ಕುಳಿತು ರಕ್ತದಲ್ಲಿ ಸಾಗುತ್ತದೆ. ಎಲ್‌ಡಿಎಲ್, ಎಚ್‌ಡಿಎಲ್ ಎಂದರೆ ಈ ಕಣಗಳೇ. ಇವುಗಳಲ್ಲಿ ಎಲ್‌ಡಿಎಲ್ ಅನ್ನು ಬಹಳ ಕಡೆ ನೇರವಾಗಿ ಅಳೆಯುವುದಿಲ್ಲ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆಯುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿದ್ದರೆ ಈ ಲೆಕ್ಕ ನಂಬುವಂತಿಲ್ಲ, ನೇರವಾಗಿ ಅಳೆಯಬೇಕೇ ಎಂದು ವೈದ್ಯರನ್ನು ಕೇಳಿ. ಬಿಸಿನೀರು ನಂಬಿ ಮಾತ್ರೆ ನಿಲ್ಲಿಸಿದ್ದರೆ ಅದನ್ನೂ ಅವರಿಗೆ ಹೇಳಿ.